ಸಾಲದಿಂದ ಎದ್ದು ಬಂದ ಹಾಡಿನ ಜಾತ್ರಿ

2023ರ ಜುಲೈದಾಗ ಬ್ರಿಸ್ಟಲ್‌ಗೆ ಮಗಳ ಮನಿಗೆ ಹೋಗಿದ್ದೆ. "ಅವ್ವಾ, ಇಲ್ಲಿ ಈಗ ಬ್ಯಾಸಿಗಿ. ಶನಿವಾರ, ರವಿವಾರ ಹಾಡಿನ ಜಾತ್ರಿಗೆ ಹೋಗೂಣು" ಅಂದ್ಲು. ಆಗ ವಿಲ್ಟ್‌ಶೈರ್‌ನ ಚಾರ್ಲ್ಟನ್ ಪಾರ್ಕ್‌ನ್ಯಾಗ ನಡೀತಿದ್ದ ವೋಮ್ಯಾಡ್ ಅದು. ಬ್ಯಾಸಿಗಿ ಅಂತ ನಂಬಿ ಹೋದ್ರ ಎಲ್ಲಿ ನೋಡಿದ್ರೂ ರಾಡಿ! ಮಗಳ ಗಂಬೂಟು ಹಾಕ್ಕೊಂಡು, ಸೀರಿ ಎತ್ತಿ ಕಟ್ಟಿಕೊಂಡು ಅಡ್ಡಾಡಿದೆ.

ಅಲ್ಲಿ ನನಗ ಭಾಳ ಸೇರಿದ್ದು 'ಟೇಸ್ಟ್ ದ ವರ್ಲ್ಡ್' ಅನ್ನೂ ಜಾಗಾ. ಹಾಡೂ ಮಂದಿನ ಒಲಿ ಮುಂದ ನಿಂತು ತಮ್ಮ ದೇಶದ ಅಡಿಗಿ ಮಾಡ್ತಾರ, ನಡುನಡುವ ಹಾಡ್ತಾರ. ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ನೀರು ಬರೂದು ಎಲ್ಲಾ ದೇಶದಾಗೂ ಒಂದ ನೋಡ್ರಿ. "ಇಷ್ಟು ದೊಡ್ಡ ಜಾತ್ರಿ ಯಾರು ಶುರು ಮಾಡಿದ್ರ?" ಅಂತ ಕೇಳಿದೆ. ಮಗಳು ಹೇಳಿದ್ದು, ಆಮ್ಯಾಲೆ ನಾನು ಓದಿ ತಿಳಕೊಂಡದ್ದು ಎಲ್ಲಾ ಕೂಡಿಸಿ ಬರೀತೀನಿ.

ಪೀಟರ್ ಗೇಬ್ರಿಯಲ್ ಅನ್ನೂ ಹಾಡುಗಾರರು ಜೆನೆಸಿಸ್ ಎಂಬ ದೊಡ್ಡ ಮೇಳದಾಗಿದ್ರು. 1975ರಾಗ ಅದನ್ನು ಬಿಟ್ಟು ಬ್ಯಾರಿ ಆದ್ರು. ಬ್ಯಾರೆ ಬ್ಯಾರೆ ದೇಶದ ಹಾಡು ತಮ್ಮ ಮಂದೀನೂ ಕೇಳಲಿ ಅಂತ ಅವರಿಗೆ ಆಶಾ. ಬ್ರಿಸ್ಟಲ್‌ನ ಥಾಮಸ್ ಬ್ರೂಮನ್ ಮತ್ತ ಅವರ ಗೆಳೆಯರು ಜೋಡಿಯಾದ್ರು. 1982ರ ಜುಲೈ 16ರಿಂದ 18ರ ತನಕ, ಶೆಪ್ಟನ್ ಮ್ಯಾಲೆಟ್ ಅನ್ನೂ ಊರಿನ ಹತ್ರ ಮೊದಲನೇ ಜಾತ್ರಿ ಆತು. ಆಫ್ರಿಕಾದ ಬುರುಂಡಿಯಿಂದ ಡೋಲು ಬಾರಿಸೋರು ಬಂದ್ರು, ಐರ್ಲೆಂಡಿನ ಚೀಫ್ಟನ್ಸ್ ಬಂದ್ರು.

ಬರಬೇಕಾದ ಮಂದಿ ಮಾತ್ರ ಅಷ್ಟು ಬರಲಿಲ್ಲ. ಆ ವ್ಯಾಳ್ಯಾದಾಗ ರೈಲ್ವೆ ಮುಷ್ಕರ ಬ್ಯಾರೆ ನಡದಿತ್ತು. ಹಾಡು ಚೊಲೋ ಆದ್ವು, ಲೆಕ್ಕಾ ಮಾಡಿದ್ರ ಮೈತುಂಬ ಸಾಲ! ಚಪ್ಪರ ಬಿಚ್ಚಿದ ಮ್ಯಾಲೆ ಕಿರಾಣಿಯವ ಬಾಗಿಲಕ್ಕ ಬಂದು ನಿಂತ್ರ ಹೆಂಗಾಗ್ತೈತಿ ಅನ್ನೂದು ಲಗ್ನ ಮಾಡಿದ ಮನಿಯವರಿಗೆ ಹೇಳಬೇಕಾಗಿಲ್ಲ.

ಆಗ ಕೈ ಹಿಡದವರು ಯಾರು? ಏಳು ವರ್ಷದ ಹಿಂದ ಬಿಟ್ಟು ಬಂದ ಆ ಹಳೇ ಗೆಳೆಯರ. 1982ರ ಅಕ್ಟೋಬರ್ 2ಕ್ಕ, ಮಿಲ್ಟನ್ ಕೀನ್ಸ್ ಊರಾಗ ಜೆನೆಸಿಸ್‌ನವರು ಗೇಬ್ರಿಯಲ್ ಜೋಡಿ ಒಂದ ದಿನಕ್ಕಂತ ಮತ್ತ ಕೂಡಿ ಹಾಡಿದ್ರು. ಅವತ್ತೂ ಮಳಿ. ಆದ್ರ ಈ ಸಲ ಮಂದಿ ಸಾವಿರಗಟ್ಟಲೆ ಕೂಡಿದ್ರು. ಆ ರೊಕ್ಕದಿಂದ ಸಾಲ ಹರೀತು, ಜಾತ್ರಿ ಉಳೀತು.

ಉಳದದ್ದಕ್ಕ 1985ರಾಗ ಮರ್ಸಿ ದ್ವೀಪದಾಗ ಪಾಕಿಸ್ತಾನದ ನುಸ್ರತ್ ಫತೇ ಅಲಿ ಖಾನ್ ಅವರ ಕವ್ವಾಲಿ ಆತು. ಮಾತು ತಿಳೀದ ಮಂದಿ ಅಪರಾತ್ರಿ ತನಕ ಕುಂತು ಕೇಳಿದ್ರು. ಆ ಧ್ವನಿಮುದ್ರಣ ಟ್ರಂಕಿನ್ಯಾಗಿನ ರೇಷ್ಮಿ ಸೀರಿ ಹಂಗ ಎತ್ತಿಟ್ಟದ್ದು, 2019ರಾಗ ಹೊರಗ ಬಂತು. 'ವರ್ಲ್ಡ್ ಮ್ಯೂಸಿಕ್' ಅನ್ನೂ ಹೆಸರು ಪ್ಯಾಟ್ಯಾಗ ಓಡ್ಯಾಡಲಿಕ್ಕೆ ಹತ್ತಿದ್ದು 1987ರ ಮ್ಯಾಲೆ. ಇಂಥಾ ಹಾಡಿನ ರಿಕಾರ್ಡು ಅಂಗಡ್ಯಾಗ ಯಾವ ಖಾನ್ಯಾಗ ಇಡಬೇಕು ತಿಳೀಲಾರದಕ್ಕ, ಸಣ್ಣ ಸಣ್ಣ ಕಂಪನಿಯವರು ಲಂಡನ್‌ದಾಗ ಕೂಡಿ ಆ ಚೀಟಿ ಆರಿಸಿದ್ರು. ಚೀಟಿ ಬರೂಕಿಂತ ಐದು ವರ್ಷ ಮೊದಲ ಜಾತ್ರಿ ಇತ್ತು.

ಇದನ್ನೆಲ್ಲಾ ಕೇಳಿದಾಗ ನನಗ ನಮ್ಮ ಕಾಕಾ ನೆನಪಾದ್ರು. ಅವರು ಬ್ಯಾರಿ ಆಗಿದ್ರು, ಅಪ್ಪನ ಜೋಡಿ ಮಾತು ಇರಲಿಲ್ಲ. ನನ್ನ ಲಗ್ನದ ಸಾಲ ಹರೀಲಿ ಅಂತ ಎತ್ತು ಮಾರಿ ರೊಕ್ಕಾ ತಂದು ಕಟ್ಟಿಮ್ಯಾಲೆ ಇಟ್ಟು, ನೀರೂ ಕುಡೀದ ಹೋದ್ರು. ನಾನು ಆ ಬಗ್ಗೆ ಅವರಿಗೆ ಒಂದು ಮಾತೂ ಆಡಿರಲಿಲ್ಲ. ಈಗ ಕಾಕಾ ಇಲ್ಲ.

ಮರುದಿನ ಮುಂಜಾನೆ ಕಾಕಿಗೆ ಫೋನ್ ಹಚ್ಚಿದೆ. "ಅಷ್ಟು ದೂರ ಇದ್ದೀ, ಈಗ್ಯಾಕ ಅದು?" ಅಂದ್ರು. ಆಮ್ಯಾಲೆ ಸುಮ್ಮನಾದ್ರು. ಸ್ವಲ್ಪ ಹೊತ್ತಿನ ಮ್ಯಾಲೆ, "ಆ ಎತ್ತಿನ ಹೆಸರು ಬಸವ ಅಂತಿತ್ತು ನೋಡವಾ" ಅಂದ್ರು.