ಕಾಲೇಜು ಹಾಸ್ಟೆಲ್: ಸೇರಿಸುವ ಮೊದಲು ಪಾಲಕರು ತಿಳಿಯಬೇಕಾದದ್ದು

ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ನಮ್ಮ ಸಮಾಜದ ಹಲವು ಪಾಲಕರು ಕೇಳುವ ಪ್ರಶ್ನೆ ಒಂದೇ: "ಸೀಟು ಸಿಕ್ಕಿತು, ಮಗು ಇರುವುದೆಲ್ಲಿ, ಉಣ್ಣುವುದೇನು?" ಸ್ವಯಂಸೇವಕನಾಗಿ ಓಡಾಡಿ ತಿಳಿದುಕೊಂಡದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ವಸತಿಯ ದಾರಿಗಳು

1. ಕಾಲೇಜು ಆವರಣದ ಹಾಸ್ಟೆಲ್: ಓಡಾಟದ ಸಮಯ ಉಳಿಯುತ್ತದೆ, ಗ್ರಂಥಾಲಯ ಹತ್ತಿರ, ವಾರ್ಡನ್ ಇರುತ್ತಾರೆ. ಊಟದ ವೇಳೆ ಮಾತ್ರ ಮೆಸ್ಸಿನದು.

2. ಸಮಾಜದ ಬೋರ್ಡಿಂಗ್: ಆಹಾರದ ಚಿಂತೆ ಕಡಿಮೆ. ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಆರಂಭಿಸಿದ ಸಿದ್ಧವನ ಗುರುಕುಲದಂತೆ ನಮ್ಮವರು ಕಟ್ಟಿ, ಎಲ್ಲ ಸಮಾಜದ ಮಕ್ಕಳಿಗೂ ನೆರವಾದ ವಸತಿಗಳೂ ಇವೆ. ಸೀಟು ಕಡಿಮೆ, ಅರ್ಜಿ ಬೇಗ ಹಾಕಬೇಕು.

3. ಸರ್ಕಾರಿ ವಿದ್ಯಾರ್ಥಿನಿಲಯ: 2014ರಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

4. ಪಿಜಿ ಅಥವಾ ಬಾಡಿಗೆ ಕೋಣೆ: ಸ್ವಂತ ಅಡುಗೆಗೆ ಅವಕಾಶವಿರಬಹುದು, ಆದರೆ ನೋಡಿಕೊಳ್ಳುವವರು ಇರುವುದಿಲ್ಲ. ಮುಂಗಡ ಮರಳಿಸುವ ಷರತ್ತನ್ನು ಬರವಣಿಗೆಯಲ್ಲಿ ಪಡೆಯಿರಿ.

ಊಟದ ವಿಚಾರ

ನನ್ನ ದೊಡ್ಡ ಮಗ ಎಂಜಿನಿಯರಿಂಗ್ ಸೇರಿದಾಗ ನಾನು ಶುಲ್ಕ ಕೇಳಿದೆ, ಕೋಣೆ ನೋಡಿದೆ. ಮೆಸ್ ತೆರೆಯುವ ಹೊತ್ತು ಕೇಳಲಿಲ್ಲ. ರಾತ್ರಿ ಊಟ ಏಳೂವರೆಗೆ. ಅವನು ಸೂರ್ಯಾಸ್ತದ ನಂತರ ಉಣ್ಣುವವನಲ್ಲ. ಬಿಸ್ಕತ್ತು, ಅವಲಕ್ಕಿಯಲ್ಲಿ ದಿನ ಕಳೆದ. ಫೋನಿನಲ್ಲಿ "ಊಟ ಆಯ್ತಪ್ಪಾ" ಎನ್ನುತ್ತಿದ್ದ. ದೀಪಾವಳಿಗೆ ಬಂದಾಗ ಅಂಗಿ ಮೈಮೇಲೆ ಜೋಲುತ್ತಿತ್ತು. ಅವನ ತಾಯಿ ಬಾಗಿಲಲ್ಲೇ ಅತ್ತುಬಿಟ್ಟಳು. ಮರಳಿ ಹೋದಾಗ ವಾರ್ಡನ್ನರನ್ನು ಕಂಡೆ. "ಮೊದಲೇ ಹೇಳಬಾರದಿತ್ತೇ?" ಎಂದರು. ಮರುದಿನದಿಂದಲೇ ಐದೂಮುಕ್ಕಾಲಿಗೆ ಚಪಾತಿ, ಬೇಳೆ ಸಿಗತೊಡಗಿತು. ಆ ನಾಲ್ಕು ತಿಂಗಳ ಹಸಿವಿಗೆ ಕಾರಣ ನಾವು ಕೇಳದೇ ಇದ್ದದ್ದು.

ಆದ್ದರಿಂದ ಶುಲ್ಕ ಕಟ್ಟುವ ಮೊದಲು ಇವನ್ನು ಕೇಳಿ:

• ಸಂಜೆ ಎಷ್ಟು ಹೊತ್ತಿಗೆ ಊಟ ಸಿಗುತ್ತದೆ? ನಮ್ಮ ರಾಜ್ಯದಲ್ಲಿ ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೇ ಸೂರ್ಯಾಸ್ತ. ಪ್ರಯೋಗಾಲಯದ ತರಗತಿ ಐದಕ್ಕೆ ಮುಗಿದರೆ ಉಳಿಯುವುದು ಒಂದೇ ಗಂಟೆ.
• ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಪದಾರ್ಥ ದಿನಕ್ಕೊಂದಾದರೂ ಇದೆಯೇ? ಬೇರೆ ಅಡುಗೆ ಕೇಳಬೇಡಿ. ಒಗ್ಗರಣೆಗೆ ಮೊದಲು ಒಂದು ಪಾತ್ರೆ ಬೇಳೆ ತೆಗೆದಿಡಲು ಕೇಳಿದರೆ ಅಡುಗೆಯವರಿಗೂ ಹೊರೆಯಲ್ಲ.
• ಸಸ್ಯಾಹಾರದ ಪಾತ್ರೆ, ಸೌಟು ಪ್ರತ್ಯೇಕವೇ?
• ಪರ್ಯುಷಣದ ಉಪವಾಸದ ದಿನಗಳಿಗೆ ಮೆಸ್ ಬಿಲ್ಲಿನಲ್ಲಿ ಕಡಿತ ಉಂಟೇ?
• ನಡುವೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ?

ಕೋಣೆಯಲ್ಲಿ ವಿದ್ಯುತ್ ಒಲೆಯನ್ನು ಬಹುತೇಕ ಹಾಸ್ಟೆಲ್‌ಗಳು ನಿಷೇಧಿಸುತ್ತವೆ. ಕದ್ದುಮುಚ್ಚಿ ಇಡಲು ಮಕ್ಕಳಿಗೆ ಹೇಳಿಕೊಡಬೇಡಿ. ಖಾಕ್ರಾ, ಹುರಿಗಡಲೆ, ಉಂಡೆ ಕಳುಹಿಸಿ, ಜೊತೆಯವರಿಗೂ ಸಾಕಾಗುವಷ್ಟು ಕಳುಹಿಸಿ.

ಸುರಕ್ಷತೆ

ಯುಜಿಸಿಯ 2009ರ ನಿಯಮದಂತೆ ರ್‍ಯಾಗಿಂಗ್ ನಿಷಿದ್ಧ. ವಿದ್ಯಾರ್ಥಿ ಮತ್ತು ಪಾಲಕರಿಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522. ಈ ಸಂಖ್ಯೆ ಮಗುವಿನ ಫೋನಿನಲ್ಲಿ ಇರಲಿ.

ಕೂಡಿ ಬಾಳುವುದು

ಹಾಸ್ಟೆಲ್ ಎಂದರೆ ಊಟ, ಹಾಸಿಗೆ ಅಷ್ಟೇ ಅಲ್ಲ. ಜೈನ ಕುಟುಂಬದಲ್ಲಿ 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರಾದಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಇದ್ದು, ಒಟ್ಟಿಗೆ ಉಂಡು ಓದಿದರು.

ನಮ್ಮ ಮಕ್ಕಳೂ ನಿಯಮ ಬಿಡದಿರಲಿ, ಆದರೆ ಪಂಕ್ತಿ ಬಿಟ್ಟು ಏಳದಿರಲಿ. ಬೇಗ ಉಂಡವನು ರಾತ್ರಿ ಗೆಳೆಯರ ಜೊತೆ ಮೆಸ್ಸಿನಲ್ಲಿ ಸುಮ್ಮನೆ ಕುಳಿತು ಹರಟಿದರೂ ಸಾಕು. ನನ್ನ ಮಗ ಹಾಗೇ ಮಾಡಿದ. ಕೊನೆಯ ವರ್ಷ ಅವನ ಕೋಣೆಯ ಗೆಳೆಯನೇ ಐದೂವರೆಗೆ ಬಂದು ಬಾಗಿಲು ತಟ್ಟುತ್ತಿದ್ದನಂತೆ: "ಏಳೋ, ನಿನ್ನ ಊಟದ ಹೊತ್ತಾಯ್ತು."