ಕತ್ತಿನ ಮೊದಲ ಮಣಿ

ಪುಣೆಯ ಕೊಂಢವಾ ಈಗ ಅಪಾರ್ಟ್‌ಮೆಂಟುಗಳ, ಬ್ಯಾಂಕ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಹೆಸರು ಹೊತ್ತ ಎನ್‌ಐಬಿಎಂ ರಸ್ತೆಯ ಬಡಾವಣೆ. ಇದೇ ಕೊಂಢವಾದಲ್ಲಿ ಡಾ. ಬಂಡೋರವಾಲಾ ಹೆಸರಿನ ಕುಷ್ಠರೋಗ ಆಸ್ಪತ್ರೆಯೂ ಇದೆ. ಬಿಸಿ ಪಾತ್ರೆ ಹಿಡಿದರೂ ಸುಟ್ಟದ್ದು ತಿಳಿಯದ ಕೈ, ನೋವಿಲ್ಲದೆ ಕೊಳೆಯುವ ಬೆರಳು ಇವು ಕುಷ್ಠದ ಹಳೆಯ ಗುರುತುಗಳು. ಆದರೆ ಅಂಥದೇ ಕೈಗೆ ಇನ್ನೊಂದು ಕಾರಣವೂ ಇರಬಹುದು. ಅದು ಚರ್ಮದಲ್ಲೂ ಇಲ್ಲ, ತೋಳಿನ ನರದಲ್ಲೂ ಇಲ್ಲ, ಕತ್ತಿನೊಳಗಿದೆ. ಬೆನ್ನುಹುರಿಯ ನಡುವೆ ದ್ರವ ತುಂಬಿಕೊಂಡು ಟೊಳ್ಳಾದಾಗ ಬಿಸಿ ಮತ್ತು ನೋವಿನ ಸುದ್ದಿ ಒಯ್ಯುವ ಎಳೆಗಳು ಮೊದಲು ಹಾಳಾಗುತ್ತವೆ. ವೈದ್ಯರು ಇದನ್ನು ಸಿರಿಂಗೋಮೈಲಿಯಾ ಎನ್ನುತ್ತಾರೆ. 1890ರ ದಶಕದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ವೈದ್ಯ ಝಂಬಾಕೊ ಪಾಷಾ ಇಂಥ ಕಾಯಿಲೆಗಳೆಲ್ಲ ಕುಷ್ಠದ ರೂಪಗಳೇ ಎಂದು ಯೂರೋಪಿನ ವೈದ್ಯರೊಂದಿಗೆ ಹಟ ಹಿಡಿದು ವಾದಿಸಿದ. ಅವನ ವಾದ ನಿಲ್ಲಲಿಲ್ಲ.

ಆ ಟೊಳ್ಳಿಗೆ ಬಹಳ ಸಲ ಕಾರಣವಾಗುವ ದೋಷ ಅದೇ ದಶಕದಲ್ಲಿ ಪ್ರಾಗ್ ನಗರದ ಶವಪರೀಕ್ಷೆಯ ಮೇಜಿನ ಮೇಲೆ ಸಿಕ್ಕಿತ್ತು. ಹಾನ್ಸ್ ಕಿಯಾರಿ ಅಲ್ಲಿನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕ. ತಲೆಬುರುಡೆಯ ತಳದಲ್ಲಿ ಬೆನ್ನುಹುರಿ ಹೊರಬರುವ ದೊಡ್ಡ ರಂಧ್ರವಿದೆ. ಕೆಲವು ಶವಗಳಲ್ಲಿ ಕಿರುಮೆದುಳಿನ ಕೆಳತುದಿ ಆ ರಂಧ್ರದ ಮೂಲಕ ಕತ್ತಿನೊಳಕ್ಕೆ ಇಳಿದುಬಂದಿರುವುದನ್ನು ಅವನು ಕಂಡ. 1891ರಲ್ಲಿ ಬರೆದ ಪುಟ್ಟ ಲೇಖನದಲ್ಲಿ ಮೊದಲನೆಯ ಬಗೆಗೆ ಅವನು ಕೊಟ್ಟ ಉದಾಹರಣೆ 17 ವರ್ಷದ ಒಬ್ಬ ಹುಡುಗಿ. ಅವಳು ಸತ್ತದ್ದು ಟೈಫಾಯ್ಡ್ ಜ್ವರದಿಂದ. ಬದುಕಿದ್ದಾಗ ಕಿರುಮೆದುಳಿನ ತೊಂದರೆಯ ಯಾವ ಲಕ್ಷಣವೂ ಅವಳಲ್ಲಿ ಕಂಡಿರಲಿಲ್ಲ. ಈ ವಿವರವನ್ನು ಮರೆಯಬಾರದು: ದೋಷವಿದ್ದೂ ಏನೂ ಆಗದವರಿದ್ದಾರೆ. ಆದವರಿಗೆ ಮಾತ್ರ ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ತಲೆಯ ಹಿಂಭಾಗ ಸಿಡಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ನಡಿಗೆ ತೂಗಾಡುತ್ತದೆ, ಕೆಲವರಿಗೆ ಕೈ ಮರಗಟ್ಟುತ್ತದೆ.

ಈ ಲೇಖನ ಬಂದ ನಾಲ್ಕು ವರ್ಷಕ್ಕೆ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿ ಕತ್ತು ಮತ್ತು ಬೆನ್ನನ್ನೇ ನೆಚ್ಚಿದ ಇನ್ನೊಂದು ಕಥೆ ಶುರುವಾಯಿತು. ಡಿ.ಡಿ. ಪಾಮರ್ ಅಯಸ್ಕಾಂತ ಶಕ್ತಿಯಿಂದ ಗುಣಪಡಿಸುತ್ತೇನೆನ್ನುತ್ತಿದ್ದ ಮನುಷ್ಯ. ಅವನ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಹಾರ್ವಿ ಲಿಲ್ಲಾರ್ಡ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. 1895ರ ಸೆಪ್ಟೆಂಬರ್ 18ರಂದು ಲಿಲ್ಲಾರ್ಡ್‌ನ ಬೆನ್ನಿನ ಒಂದು ಮಣಿಯನ್ನು ಒತ್ತಿ ಕೂರಿಸಿದೆ, ಅವನಿಗೆ ಕಿವಿ ಬಂತು ಎಂದು ಪಾಮರ್ ಹೇಳಿಕೊಂಡ. ಕಿವಿಯ ನರ ಬೆನ್ನಿನ ಮೂಲಕ ಹೋಗುವುದೇ ಇಲ್ಲ. ಅದೇನೇ ಇರಲಿ, ಕೈ ಮತ್ತು ಕೆಲಸ ಎಂಬ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ಕೈರೋಪ್ರಾಕ್ಟಿಕ್ ಎಂಬ ಹೆಸರು ಹುಟ್ಟಿತು. ಮಣಿಗಳು ಜಾರಿ ನರವನ್ನು ಒತ್ತುವುದೇ ರೋಗಗಳ ಮೂಲ ಎಂಬ ಸಿದ್ಧಾಂತವೂ ಅದರ ಜೊತೆಗೆ ಬಂತು. ಪರವಾನಗಿಯಿಲ್ಲದೆ ಚಿಕಿತ್ಸೆ ಮಾಡಿದ್ದಕ್ಕೆ 1906ರಲ್ಲಿ ಪಾಮರ್ ಜೈಲಿಗೂ ಹೋಗಿಬಂದ.

ಕತ್ತಿಗೆ ಪಟ್ಟ ಕಟ್ಟಿದವನು ಅವನ ಮಗ ಬಿ.ಜೆ. ಪಾಮರ್. ಎಕ್ಸ್-ರೇ ಯಂತ್ರವನ್ನು ತನ್ನ ಶಾಲೆಗೆ ತಂದವನೂ ಅವನೇ. 1930ರ ದಶಕದ ಹೊತ್ತಿಗೆ ಅವನು ಬೆನ್ನಿನ ಉಳಿದ ಮಣಿಗಳನ್ನೆಲ್ಲ ಬದಿಗಿಟ್ಟು, ಮೇಲಿನ ಒಂದೆರಡನ್ನು ಸರಿಪಡಿಸಿದರೆ ಸಾಕು ಎನ್ನತೊಡಗಿದ. ಎಲ್ಲಕ್ಕಿಂತ ಮೇಲಿನ ಮಣಿಗೆ ಅಟ್ಲಾಸ್ ಎಂದು ಹೆಸರು. ಭೂಮಿ ಹೊತ್ತ ಆದಿಶೇಷನ ಹಾಗೆ ಆಕಾಶ ಹೊತ್ತ ಗ್ರೀಕ್ ದೈತ್ಯನ ಹೆಸರು ಅದು. ಕಿಯಾರಿ ದೋಷದಲ್ಲಿ ಕಿರುಮೆದುಳು ಇಳಿದು ಬರುವುದು ಸರಿಯಾಗಿ ಈ ಮಣಿಯ ಉಂಗುರದೊಳಕ್ಕೆ.

ತೊಡಕು ಇಲ್ಲೇ ಇದೆ. ಎಕ್ಸ್-ರೇ ಮೂಳೆಯನ್ನು ತೋರಿಸುತ್ತದೆ, ಮೂಳೆಯೊಳಗಿನ ಮಿದುಳನ್ನಲ್ಲ. ಅಟ್ಲಾಸ್ ಎರಡು ಡಿಗ್ರಿ ವಾಲಿದೆ ಎಂದು ಫಿಲ್ಮಿನ ಮೇಲೆ ಗೆರೆ ಎಳೆದು ಅಳೆಯುವವನಿಗೆ, ಅದರ ಉಂಗುರದೊಳಗೆ ಕಿರುಮೆದುಳಿನ ತುದಿ ಬೆಣೆಯಂತೆ ಸಿಕ್ಕಿಕೊಂಡಿರುವುದು ಕಾಣುವುದೇ ಇಲ್ಲ. ಬದುಕಿರುವವರಲ್ಲಿ ಅದನ್ನು ಸಲೀಸಾಗಿ ನೋಡಲು ಸಾಧ್ಯವಾದದ್ದು 1980ರ ದಶಕದಲ್ಲಿ ಎಂಆರ್‌ಐ ಬಂದ ಮೇಲೆ. ರಂಧ್ರದ ಅಂಚಿನಿಂದ ಸುಮಾರು 5 ಮಿಲಿಮೀಟರ್ ಕೆಳಗಿಳಿದಿದ್ದರೆ ಕಿಯಾರಿ ಎನ್ನುವ ರೂಢಿ ಬಂದದ್ದೂ ಆ ಚಿತ್ರಗಳಿಂದಲೇ. ಅಲ್ಲಿಯವರೆಗೆ ಅನೇಕರಿಗೆ ಮೈಗ್ರೇನ್, ಸ್ಪಾಂಡಿಲೈಟಿಸ್, ಮನಸ್ಸಿನ ಕಾಯಿಲೆ ಎಂಬ ಹೆಸರುಗಳೇ ಗತಿ. ಈಗಲೂ ಹಲವರಿಗೆ ಹಾಗೆಯೇ.

ಅಂಥವರು ಕತ್ತು ತಿರುಗಿಸುವವರ ಬಾಗಿಲಿಗೆ ಹೋದರೆ ಅವರನ್ನು ಹಂಗಿಸುವಂತಿಲ್ಲ. ನೋವಿರುವುದು ಕತ್ತಿನಲ್ಲಿ. ಮಾತ್ರೆ ಬರೆದುಕೊಡುವ ಡಾಕ್ಟರಿಗೆ ಐದು ನಿಮಿಷವೂ ಇರುವುದಿಲ್ಲ. ಇಲ್ಲಿ ಕತ್ತನ್ನು ಮುಟ್ಟಿ ನೋಡುವವರು, ಕೇಳಿಸಿಕೊಳ್ಳುವವರು ಸಿಗುತ್ತಾರೆ. ಬಿಗಿದ ಸ್ನಾಯು ಸಡಿಲಾಗಿ ಒಂದೆರಡು ದಿನ ಹಗುರವೂ ಅನಿಸಬಹುದು. ಕಿಯಾರಿ ಇದ್ದವರಿಗೆ ಹೀಗೆ ಆರಾಮವಾಯಿತೆಂದು ಒಬ್ಬೊಬ್ಬ ರೋಗಿಯ ವರದಿಗಳು ಕೈರೋಪ್ರಾಕ್ಟಿಕ್ ಪತ್ರಿಕೆಗಳಲ್ಲಿ ಬಂದಿವೆ. ಒಬ್ಬರ ಕಥೆಯಿಂದ ಚಿಕಿತ್ಸೆ ಸಾಬೀತಾಗುವುದಿಲ್ಲ. ಇಳಿದ ಮಿದುಳನ್ನು ಕೈಯಿಂದ ಮೇಲಕ್ಕೆ ಕಳಿಸಲೂ ಆಗುವುದಿಲ್ಲ.

ವಿರೋಧಿಗಳ ಮಾತು ಬೇಡ ಎನ್ನುವವರು 2005ರ ದಾಖಲೆಯೊಂದನ್ನು ನೋಡಬೇಕು. ಕೈರೋಪ್ರಾಕ್ಟಿಕ್ ತರಬೇತಿ ಮತ್ತು ಸುರಕ್ಷತೆಗೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗಸೂಚಿ ಅದು. ಅಮೆರಿಕದ ವೈದ್ಯರ ಸಂಘ 1963ರಲ್ಲಿ ಸಮಿತಿಯನ್ನೇ ಮಾಡಿ ಈ ವೃತ್ತಿಯನ್ನು ತುಳಿಯಲು ನೋಡಿತ್ತು, 1987ರಲ್ಲಿ ಅದಕ್ಕಾಗಿ ನ್ಯಾಯಾಲಯದಲ್ಲಿ ಸೋತಿತ್ತು. 2005ರ ಪುಸ್ತಕ ಆ ಜಗಳದ್ದಲ್ಲ, ವೃತ್ತಿಯನ್ನು ಒಪ್ಪಿಕೊಂಡು ಅದಕ್ಕೆ ಕಟ್ಟಳೆ ಹಾಕುವಂಥದ್ದು. ಮಣಿಮೂಳೆಯನ್ನು ಝಾಡಿಸಿ ತಿರುಗಿಸಲೇಬಾರದ ಸ್ಥಿತಿಗಳ ಪಟ್ಟಿ ಅದರಲ್ಲಿದೆ. ಆರ್ನಾಲ್ಡ್–ಕಿಯಾರಿ ದೋಷ ಆ ಪಟ್ಟಿಯಲ್ಲಿದೆ, ಸಿರಿಂಗೋಮೈಲಿಯಾ ಕೂಡ ಇದೆ. ಆದರೆ ಪಟ್ಟಿ ಪಾಲಿಸಲು ರೋಗಿಗೆ ಆ ದೋಷವಿದೆಯೆಂದು ಮೊದಲು ಗೊತ್ತಿರಬೇಕಲ್ಲ!

ಭಾರತದಲ್ಲಿ ಕತ್ತಿನ ನೆಟಿಕೆ ತೆಗೆಸಿಕೊಳ್ಳಲು ಕೈರೋಪ್ರಾಕ್ಟರ್ ಬೇಕೆಂದೇನಿಲ್ಲ, ಕ್ಷೌರದಂಗಡಿಯ ಕುರ್ಚಿ ಸಾಕು. 2024ರಲ್ಲಿ ಬಳ್ಳಾರಿಯ ಮೂವತ್ತರ ಹರೆಯದ ಕಾರ್ಮಿಕರೊಬ್ಬರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕ್ಷೌರದ ಕೊನೆಗೆ ಬಿಟ್ಟಿಯಾಗಿ ತಲೆ ಮಾಲೀಸು, ಆಮೇಲೆ ಕತ್ತಿಗೆ ಒಂದು ತಿರುವು. ಕತ್ತಿನ ರಕ್ತನಾಳದ ಒಳಪದರ ಹರಿದು ಅವರಿಗೆ ಪಾರ್ಶ್ವವಾಯು ಹೊಡೆಯಿತು. ಔಷಧಿಯಿಂದ ಚೇತರಿಸಿಕೊಂಡರು. ಅವರ ವರದಿಯಲ್ಲಿ ಕಿಯಾರಿಯ ಮಾತಿರಲಿಲ್ಲ; ದೋಷವಿಲ್ಲದ ಕತ್ತಿಗೂ ಅಪರೂಪಕ್ಕೆ ಹೀಗಾಗುತ್ತದೆ.

ಕಿಯಾರಿಗೆ ಶಸ್ತ್ರಚಿಕಿತ್ಸೆಯ ರೂಢಿಯ ದಾರಿ ಎಂದರೆ ತಲೆಬುರುಡೆಯ ಹಿಂದಿನ ಮೂಳೆಯನ್ನು ಸ್ವಲ್ಪ ತೆಗೆದು ಜಾಗ ಮಾಡುವುದು. ಇದನ್ನು ಪ್ರಶ್ನಿಸಿದವರು ಕೊಂಢವಾದಿಂದ ಅರ್ಧ ದಿನದ ಹಾದಿಯಲ್ಲಿರುವ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿದ್ದ ಡಾ. ಅತುಲ್ ಗೋಯಲ್. ಅಟ್ಲಾಸ್ ಮತ್ತು ಅದರ ಕೆಳಗಿನ ಮಣಿಯನ್ನು ಪ್ಲೇಟು, ಸ್ಕ್ರೂಗಳಿಂದ ಬಿಗಿಯುವ ಅವರ ವಿಧಾನ 1994ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಗೆ ಬಂತು. 2015ರಲ್ಲಿ ಅವರು 65 ರೋಗಿಗಳ ಅನುಭವ ಮುಂದಿಟ್ಟು, ಕಿಯಾರಿಯ ಮೂಲವೇ ಆ ಕೀಲಿನ ಅಸ್ಥಿರತೆ, ಕಿರುಮೆದುಳು ಇಳಿಯುವುದು ದೇಹ ಮಾಡಿಕೊಂಡ ರಕ್ಷಣೆ, ಆದ್ದರಿಂದ ಕೀಲನ್ನು ಬಿಗಿಯಬೇಕು ಎಂದರು. ಬಹಳಷ್ಟು ಶಸ್ತ್ರವೈದ್ಯರು ಇದನ್ನು ಇನ್ನೂ ಒಪ್ಪಿಲ್ಲ. ಕತ್ತು ತಿರುಗುವುದರ ಅರ್ಧದಷ್ಟು ಆ ಕೀಲಿನಲ್ಲೇ ಆಗುವುದರಿಂದ, ಅದನ್ನು ಬಿಗಿದರೆ ರೋಗಿ ಉಳಿದ ಬದುಕಿಡೀ ಬೆಲೆ ತೆರಬೇಕಾಗುತ್ತದೆ. ಪಾಮರ್ ತಿರುಗಿಸಬೇಕೆಂದ ಮಣಿಯನ್ನು ಗೋಯಲ್ ಅಲುಗದಂತೆ ಕಟ್ಟುತ್ತಾರೆ, ಉಳಿದವರು ಅದರ ಮೇಲಿನ ಮೂಳೆ ತೆಗೆದು ದಾರಿ ಬಿಡಿಸುತ್ತಾರೆ. ಕಟ್ಟುವವರೂ ಬಿಡಿಸುವವರೂ ಕತ್ತಿಗೆ ಕೈ ಹಾಕುವ ಮೊದಲು ಎಂಆರ್‌ಐ ಕೇಳುತ್ತಾರೆ.