ತೋರಣವೇರದ ಹೂಗಳು

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಹೆದ್ದಾರಿಯು ಬೆಳ್ಳೂರು ಕ್ರಾಸನ್ನು ಹಿಂದಿಟ್ಟು ಚನ್ನರಾಯಪಟ್ಟಣವನ್ನು ಸೇರುವ ಮುನ್ನ ಹಿರೀಸಾವೆಯನ್ನು ಹಾಯ್ದುಹೋಗುತ್ತದೆ. ತೆಂಗು, ರಾಗಿ, ಹುರುಳಿಗಳನ್ನು ನೆಚ್ಚಿಕೊಂಡ ಈ ಬಯಲುಸೀಮೆಯ ಹೋಬಳಿಯ ಮೂಡಣಕ್ಕೆ ಲಾಲ್‌ಬಾಗೂ, ಪಡುವಣಕ್ಕೆ ಸಕಲೇಶಪುರದ ಕಾಫಿ ತೋಟಗಳೂ ಇವೆ. ಆಸ್ಟ್ರೇಲಿಯಾ ಖಂಡದ ಸಸ್ಯಗಳು ನಮ್ಮ ನಾಡಿನಲ್ಲಿ ಬೇರೂರಿದ ಪ್ರಮುಖ ಸ್ಥಾನಗಳಲ್ಲಿ ಎರಡು ಹೀಗೆ ಇದೇ ಹಾದಿಯ ಎರಡು ದಿಕ್ಕುಗಳಲ್ಲಿರುವುದರಿಂದ, ಆ ಸಸ್ಯಗಳ ಚರಿತ್ರೆಯನ್ನು ಹಿರೀಸಾವೆಯಲ್ಲಿ ನಿಂತು ನೋಡುವುದು ಉಚಿತವೆಂದು ನನಗೆ ತೋರುತ್ತದೆ. ನೀಲಗಿರಿಯ ತೋಪು, ಸರ್ವೆಯ ಸಾಲು, ಬದುವಿನ ಮೇಲಿನ ಸಿಲ್ವರ್ ಮರ, ಇವನ್ನು ಈ ಸೀಮೆಯ ಮಕ್ಕಳು ಕಣ್ಣುಬಿಟ್ಟಂದಿನಿಂದ ಕಂಡಿದ್ದಾರೆ. ಆದರೂ ಇವುಗಳ ಹೂವನ್ನು ಮುಡಿದವರಿಲ್ಲ, ದೇವರಿಗೇರಿಸಿದವರಿಲ್ಲ, ಬಾಗಿಲಿಗೆ ಕಟ್ಟಿದವರಿಲ್ಲ.

ಪರದೇಶದ್ದೆಂಬ ಕಾರಣಕ್ಕೆ ನಮ್ಮವರು ಇವನ್ನು ದೂರವಿಟ್ಟರೆಂದು ಹೇಳುವಂತಿಲ್ಲ. ಆಯುಧಪೂಜೆಯ ದಿನ ನೇಗಿಲಿನಿಂದ ಲಾರಿಯವರೆಗೆ ಎಲ್ಲವನ್ನೂ ಅಲಂಕರಿಸುವ ಚೆಂಡುಹೂವು ಅಮೆರಿಕ ಖಂಡದಿಂದ ಬಂದದ್ದು. ಗುಡಿಯ ಅಂಗಳದಲ್ಲಿ ಪೂಜ್ಯಸ್ಥಾನವನ್ನೇ ಪಡೆದಿರುವ ದೇವಕಣಗಿಲೆಯೂ ಅಲ್ಲಿಯದೇ. ಹೆಂಗಸರ ತುರುಬಿನಲ್ಲಿ ಮೊಳದ ಲೆಕ್ಕದಲ್ಲಿ ನಿಲ್ಲುವ ಸೇವಂತಿಗೆಯ ತವರು ಚೀನಾ. ಬೀಜವೋ ಕಡ್ಡಿಯೋ ಒಂದು ಮನೆಯ ಹಿತ್ತಿಲಿನಿಂದ ಇನ್ನೊಂದು ಮನೆಯ ಹಿತ್ತಿಲಿಗೆ ನಡೆದು, ಗೃಹಿಣಿಯರ ಕೈಯಲ್ಲಿ ಬೆಳೆದುದರಿಂದಲೇ ಅವು ನಮ್ಮವಾದವು. ಆಸ್ಟ್ರೇಲಿಯದ ಮರಗಳಾದರೋ ಅರಸರ, ಅಧಿಕಾರಿಗಳ, ತೋಟದ ದೊರೆಗಳ ಕೈಹಿಡಿದು, ಸೌದೆಯಾಗಿ, ನೆರಳಾಗಿ, ಕಾಗದದ ತಿರುಳಾಗಿ ಬಂದವು. ಅವುಗಳ ಹೂವನ್ನು ನಿಂತು ನೋಡುವುದು ಅವನ್ನು ತಂದವರ ಉದ್ದೇಶದಲ್ಲಿರಲಿಲ್ಲ.

ಟೀಪು ಸುಲ್ತಾನನು 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಆಸ್ಟ್ರೇಲಿಯದಿಂದ ತರಿಸಿದ ಬೀಜಗಳನ್ನು ಬಿತ್ತಿಸಿದನೆಂಬುದು ಪ್ರತೀತಿ. ಅಲ್ಲಿಯ ಮರಗಳ ಸಂತಾನವೇ ಮುಂದೆ ಮೈಸೂರು ನೀಲಗಿರಿಯೆಂದು ಹೆಸರಾಗಿ ದೇಶದ ತುಂಬ ಹಬ್ಬಿತು. 1843ರಲ್ಲಿ ನೀಲಗಿರಿ ಪರ್ವತದಲ್ಲಿ ನೆಟ್ಟವರು ಸೌದೆಗೋಸ್ಕರ ನೆಟ್ಟರು. 1868ರ ಸುಮಾರಿಗೆ ಕಾರವಾರದ ಮರಳಿನಲ್ಲಿ ಸರ್ವೆಯನ್ನು ಬೆಳೆಸಿದ್ದೂ ಮುಖ್ಯವಾಗಿ ಅದಕ್ಕೇ. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದ ಬೋಳುಗುಡ್ಡಗಳಿಗೂ, ಅನಂತರ ರೈತರ ಹೊಲಗಳಿಗೂ ನೀಲಗಿರಿಯು ಇಳಿಯಿತು. ರಾಗಿ ಬೆಳೆಯುವ ನೆಲವನ್ನು ಇದು ನುಂಗುತ್ತದೆಂಬ ಸಂಕಟ ಎಷ್ಟು ಆಳವಾಗಿತ್ತೆಂದರೆ, 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿತೋಟಕ್ಕೆ ನಡೆದುಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆಯ, ಮಾವಿನ ಬೀಜಗಳನ್ನು ಊರಿದರು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ರೈತರ ದೂರು ನ್ಯಾಯವಾದದ್ದೆಂದೇ ನನ್ನ ಮತ. ಆದರೆ ಇಷ್ಟೆಲ್ಲ ವಾದವಿವಾದಗಳ ನಡುವೆ ಆ ಮರದ ಹೂವಿನ ಮಾತು ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು.

ಆ ಹೂವಾದರೋ ನೋಡತಕ್ಕದ್ದು. ನೀಲಗಿರಿಯ ಮೊಗ್ಗಿನಲ್ಲಿ ಬಿಡಿಬಿಡಿಯಾದ ಎಸಳುಗಳಿರುವುದಿಲ್ಲ. ಎಸಳಾಗಬೇಕಾದದ್ದೆಲ್ಲವೂ ಒಂದಾಗಿ ಬೆಸೆದು, ಎಳೆಗೂಸಿನ ತಲೆಗೆ ತೊಡಿಸಿದ ಕುಲಾವಿಯಂತೆ, ಮೊಗ್ಗಿನ ಮೇಲೆ ಮೊನಚಾದ ಮುಚ್ಚಳವಾಗಿ ಕುಳಿತಿರುತ್ತದೆ. ಹೂವರಳುವ ಗಳಿಗೆಯಲ್ಲಿ ಆ ಮುಚ್ಚಳವು ಕಳಚಿ ನೆಲಕ್ಕೆ ಬಿದ್ದು, ಒಳಗೆ ಮುದುಡಿಕೊಂಡಿದ್ದ ನೂರಾರು ಬಿಳಿಯ ಕೇಸರಗಳು ಸುತ್ತಲೂ ಹರಡಿ ನಿಲ್ಲುತ್ತವೆ. ನಾವು ಹೂವೆಂದು ಕಾಣುವುದು ಆ ಕೇಸರಗಳ ಗುಚ್ಛವನ್ನೇ. ಬಾಟಲ್ ಬ್ರಷ್ ಗಿಡದ ಕೆಂಪು ತೆನೆಯ ಸೊಬಗೂ ಕೇಸರಗಳದೇ. ಇಂತಹ ಹೂವನ್ನು ಬಾಳೆಯ ನಾರಿನಲ್ಲಿ ಕಟ್ಟುವ ಬಗೆ ಹೇಗೆ? ಮಲ್ಲಿಗೆಗೂ ಕನಕಾಂಬರಕ್ಕೂ ನಾರು ಸುತ್ತಲು ನೀಳವಾದ ನಾಳವಿದೆ, ಚೆಂಡುಹೂವಿಗೆ ಸೂಜಿ ತೂರಲು ದಪ್ಪನಾದ ಬುಡವಿದೆ. ನೀಲಗಿರಿಗೆ ಇರುವುದು ಗಟ್ಟಿಯಾದ ಪುಟ್ಟ ಬಟ್ಟಲು ಮತ್ತು ಕೈಸೋಕಿದರೆ ಉದುರುವ ಕೇಸರ. ಹೂ ಕಟ್ಟುವುದೇ ಅಲಂಕಾರದ ಪ್ರಥಮ ಪಾಠವಾಗಿರುವ ನಮ್ಮ ಸಂಸ್ಕೃತಿಯಲ್ಲಿ, ಕಟ್ಟಲಾಗದ ಹೂವು ಮನೆಯ ಹೊರಗೇ ಉಳಿಯಿತು.

ಆದರೆ ಪೂರ್ಣವಾಗಿ ಹೊರಗುಳಿಯಿತೆನ್ನುವುದೂ ಸರಿಯಲ್ಲ. ಜೇನ್ನೊಣಗಳಿಗೆ ನೀಲಗಿರಿಯ ಹೂವು ಹಿರಿಯ ಆಕರವಾದುದರಿಂದ, ಅದರ ಮಕರಂದವು ಜೇನುತುಪ್ಪವಾಗಿ ಪಂಚಾಮೃತದಲ್ಲಿ ಬೆರೆತು ದೇವರ ಅಭಿಷೇಕಕ್ಕೆ ಸಲ್ಲುವುದುಂಟು. ನೆಗಡಿಯಾದ ಮಗುವಿಗೆ ಬಿಸಿನೀರಿನ ಹಬೆ ಹಿಡಿಸುವಾಗ ತಾಯಿ ಬೆರೆಸುವುದು ಅದರ ಎಲೆಯ ಎಣ್ಣೆಯನ್ನು. ಮದುವೆಯ ಚಪ್ಪರಕ್ಕೆ ತೆಂಗಿನ ಗರಿ ನಮ್ಮ ತೋಟದ್ದು, ಹೊಂಬಾಳೆ ನಮ್ಮ ಮರದ್ದು. ಅವನ್ನು ಹೊತ್ತು ನಿಂತ ಗಳುಗಳು ಅನೇಕ ಕಡೆ ಸರ್ವೆಯವು.

ಸಿಲ್ವರ್ ಮರದ ಕಥೆ ಬೇರೆ. ಕಾಫಿ ಗಿಡಕ್ಕೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಸಕಲೇಶಪುರ, ಬೇಲೂರುಗಳ ತೋಟಗಳನ್ನು ತುಂಬಿದ ಈ ಮರದ ಹೊಂಬಣ್ಣದ ಹೂವನ್ನು ಕೆಳಗಿನಿಂದ ಹೋಗುವವನು ತಲೆಯೆತ್ತಿ ನೋಡುವುದು ವಿರಳ. ಮೇಲೆ ಹಸುರಾಗಿಯೂ ಕೆಳಗೆ ಬೆಳ್ಳಗೆಯೂ ಇರುವ, ಜರಿಗಿಡದ ಎಲೆಯನ್ನು ಹೋಲುವ ಅದರ ಸೊಪ್ಪನ್ನಾದರೂ ಹೂದಾನಿಯಲ್ಲಿಡಬಹುದು.

ಹೂವನ್ನು ಹೂವೆಂದೇ ಕಂಡ ಸ್ಥಳ ಲಾಲ್‌ಬಾಗು. 1908ರಲ್ಲಿ ಅಲ್ಲಿಗೆ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬೀಗಲ್ಲರು ದೇಶದೇಶಗಳ ಅಲಂಕಾರಸಸ್ಯಗಳನ್ನು ತರಿಸಿ ಬೆಳೆಸಿದರು. 1951ರಿಂದ 1974ರವರೆಗೆ ತೋಟಗಾರಿಕೆ ಇಲಾಖೆಯನ್ನು ನಡೆಸಿದ ಎಂ. ಎಚ್. ಮರಿಗೌಡರು ರಾಜ್ಯದುದ್ದಕ್ಕೂ ಸಸ್ಯಕ್ಷೇತ್ರಗಳನ್ನು ತೆರೆದು, ರಾಜಧಾನಿಯ ಸೊತ್ತಾಗಿದ್ದ ಗಿಡಗಳು ಹಳ್ಳಿಗಳನ್ನು ತಲುಪುವ ದಾರಿ ಮಾಡಿದರು. ಲಾಲ್‌ಬಾಗಿನ ಗಾಜಿನ ಮನೆಯ ಹೂವಿನ ಪ್ರದರ್ಶನವನ್ನು ಕಂಡುಬಂದವರು ಕುಂಡದಲ್ಲಿ ಹೂ ಬೆಳೆಸುವ ಆಸೆಯನ್ನು ಊರಿಗೆ ಹೊತ್ತು ತಂದರು.

ಆ ಆಸೆಗೆ ಯೋಗ್ಯವಾದ ಆಸ್ಟ್ರೇಲಿಯದ ಹೂವೊಂದುಂಟು: ಹೆಲಿಕ್ರೈಸಮ್. ಮುಂದೆ ಫ್ರಾನ್ಸಿನ ಸಾಮ್ರಾಜ್ಞಿಯಾದ ಜೋಸೆಫೀನಳ ಉದ್ಯಾನದಲ್ಲಿ ಬೆಳೆದ ಗಿಡವನ್ನು ನೋಡಿ 1803ರಲ್ಲಿ ಸಸ್ಯಶಾಸ್ತ್ರಜ್ಞ ವಾಂತೆನಾ ಇದನ್ನು ವರ್ಣಿಸಿದನು. ಇದರ ಎಸಳಿನಂತಹ ಹೊರಪದರಗಳು ಗಿಡದಲ್ಲಿರುವಾಗಲೇ ಕಾಗದದಷ್ಟು ಒಣಗಿದ್ದು, ಮುಟ್ಟಿದರೆ ಸರಸರನೆ ಸದ್ದುಮಾಡುತ್ತವೆ. ತೇವ ತಾಗಿದರೆ ಮುಚ್ಚಿ, ಒಣಗಿದರೆ ಮತ್ತೆ ತೆರೆಯುತ್ತವೆ. ಬಾಡಿದ್ದನ್ನು ನಿರ್ಮಾಲ್ಯವೆಂದು ತೆಗೆದಿಡುವ ನಮ್ಮ ಪೂಜೆಯಲ್ಲಿ ಈ ಒಣಹೂವಿಗೆ ಎಡೆಯಿರಲಾರದು. ಆದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಪದ್ಧತಿಯಿದೆಯಷ್ಟೆ; ಪಟ್ಟದ ಬೊಂಬೆಗಳ ಇಕ್ಕೆಲದಲ್ಲಿ ದಿನವೂ ಬದಲಿಸಬೇಕಿಲ್ಲದ ಹೂವೊಂದು ಬೇಕೆಂದು ಗೃಹಿಣಿಯರು ಬಯಸುವುದೂ ಸಹಜ. ಮಳೆಗಾಲ ಹಿಂದಾದ ಮೇಲೆ ಬೀಜ ಬಿತ್ತಿ, ನಡುವಿನ ಹಳದಿ ಬಟ್ಟು ಇನ್ನೂ ತೆರೆಯದ ಹೂಗಳನ್ನು ಬಿಸಿಲೇರಿದ ಮೇಲೆ ಕೊಯ್ದು, ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿ, ದುರ್ಬಲವಾದ ತೊಟ್ಟಿಗೆ ಸಣ್ಣ ತಂತಿ ಸೇರಿಸಿಟ್ಟುಕೊಂಡರೆ, ಮುಂದಿನ ದಸರಾ ಬರುವವರೆಗೂ ಅವುಗಳ ಬಣ್ಣ ನಿಲ್ಲುತ್ತದೆ.